ದೀಪ ಹಚ್ಚುವ ಹೊತ್ತಿಗೆ ಹೀರೆಯ ಚಪ್ಪರ

ಹೀರೆಬಳ್ಳಿ ಚಪ್ಪರ ಹತ್ತಿದ ಮೇಲೆ ಒಂದು ಸಂಕಟ ಶುರುವಾಗುತ್ತದೆ. ಹೂವು ಮೈತುಂಬ ಬಿಡುತ್ತದೆ. ಕೆಲವು ಹೂವುಗಳ ಹಿಂದೆ ಕಿರುಬೆರಳಿನಷ್ಟು ಹೀಚೂ ಕಾಣುತ್ತದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಹೀಚು ತುದಿಯಿಂದ ಹಳದಿಗೆ ತಿರುಗಿ, ಸುಕ್ಕುಗಟ್ಟಿ, ಮುಟ್ಟಿದರೆ ಕಳಚಿ ಕೈಗೆ ಬರುತ್ತದೆ. ಯಾರನ್ನು ಕೇಳಿದರೂ ಗೊಬ್ಬರ ಸಾಲದು ಎನ್ನುತ್ತಾರೆ, ಇಲ್ಲವೇ ನೀರು ಜಾಸ್ತಿಯಾಯಿತು ಎನ್ನುತ್ತಾರೆ. ನಾನೂ ಎರಡು ಬೇಸಿಗೆ ಕೊಟ್ಟಿಗೆ ಗೊಬ್ಬರ ಸುರಿದೆ. ಎಲೆ ಅಂಗೈಯನ್ನು ಮೀರಿ ಅಗಲವಾಯಿತು, ಹೀಚು ಉದುರುವುದು ಮಾತ್ರ ನಿಲ್ಲಲಿಲ್ಲ. ತಪ್ಪು ಮಣ್ಣಿನಲ್ಲಿ ಇರಲಿಲ್ಲ, ನಾನು ಬಳ್ಳಿಯ ಹತ್ತಿರ ಹೋಗುತ್ತಿದ್ದ ವೇಳೆಯಲ್ಲಿ ಇತ್ತು.

ವಸಂತದಲ್ಲಿ ಕೈತೋಟ ಎಂದರೆ ಚಳಿ ದೇಶದವರಿಗೆ ಹಿಮ ಕರಗಿ ನೆಲ ಬೆಚ್ಚಗಾಗುವುದನ್ನು ಕಾಯುವ ಕೆಲಸ. ನಮ್ಮ ತುಮಕೂರಿನ ಕಡೆ ಯುಗಾದಿಯ ಹೊತ್ತಿಗೆ ನೆಲ ಕಾದೇ ಇರುತ್ತದೆ. ಹೀರೆ, ಹಾಗಲ, ಪಡವಲ, ಸೋರೆ, ಸೌತೆ, ಕುಂಬಳ ಎಲ್ಲವೂ ಒಂದೇ ಕುಟುಂಬದ ಬಳ್ಳಿಗಳು. ಇವುಗಳ ಬೀಜ ಚೆನ್ನಾಗಿ ಮೊಳೆಯಲು 25ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. 15ಕ್ಕಿಂತ ಕೆಳಗಿಳಿದರೆ ಮೊಳಕೆಯೊಡೆಯುವ ಮೊದಲೇ ಕೊಳೆತುಹೋಗುವುದುಂಟು. ಬೇವು ಹೂಬಿಡುವ ಕಾಲದಲ್ಲಿ ಪಾತಿ ಮಾಡಿ, ರಾತ್ರಿಯಿಡೀ ನೆನೆಸಿದ ಬೀಜ ಊರಿದರೆ ವಾರದೊಳಗೆ ಮಣ್ಣು ಬಿರಿಯುತ್ತದೆ.

ಬೀಜ ಊರುವಾಗ ಅಮ್ಮ ಒಂದು ಮಾತು ತಪ್ಪದೆ ಹೇಳುತ್ತಾಳೆ: ನೆಟ್ಟಗೆ ಚುಚ್ಚಬೇಡ, ಮಲಗಿಸು. ಇದರ ಹಿಂದೆ ಸೊಗಸಾದ ವಿಜ್ಞಾನವಿದೆ. ಕುಂಬಳದ ಜಾತಿಯ ಮೊಳಕೆ ಬಾಗಿಕೊಂಡು ಮೇಲೇಳುವಾಗ, ಬೇರು ಮತ್ತು ಕಾಂಡ ಸೇರುವಲ್ಲಿ, ಕೆಳಬದಿಗೆ ಒಂದು ಚಿಕ್ಕ ಗೂಟದಂಥ ಉಬ್ಬು ಮೂಡುತ್ತದೆ. ಆ ಗೂಟ ಬೀಜದ ಸಿಪ್ಪೆಯ ಅಂಚನ್ನು ಅದುಮಿ ಹಿಡಿಯುತ್ತದೆ, ಎಳೆಯ ಕಾಂಡ ಮೇಲಕ್ಕೆ ಎಳೆದುಕೊಳ್ಳುತ್ತದೆ, ಬೀಜದಳಗಳು ಸಿಪ್ಪೆಯಿಂದ ನುಣುಚಿ ಹೊರಬರುತ್ತವೆ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ನೆರವಿನಿಂದ 1880ರಲ್ಲಿ ಪ್ರಕಟಿಸಿದ ಸಸ್ಯಚಲನೆಯ ಪುಸ್ತಕದಲ್ಲಿ ಈ ಗೂಟವನ್ನು ಅಕ್ಕರೆಯಿಂದ ವಿವರಿಸಿದ್ದಾರೆ. ಗೂಟಕ್ಕೆ ಕೆಳಬದಿ ಯಾವುದೆಂದು ತಿಳಿಯುವುದು ಹೇಗೆ? 1998ರಲ್ಲಿ ಡಿಸ್ಕವರಿ ಬಾಹ್ಯಾಕಾಶ ನೌಕೆಯಲ್ಲಿ ಜಪಾನಿನ ವಿಜ್ಞಾನಿಗಳು ಸೌತೆ ಬೀಜಗಳನ್ನು ಕಳುಹಿಸಿ ಅಲ್ಲಿ ಮೊಳೆಯಿಸಿದರು. ತೂಕವೇ ಇಲ್ಲದ ಆ ಜಾಗದಲ್ಲಿ ಗೂಟ ಎರಡೂ ಬದಿಗೆ ಮೂಡಿತು! ಅಂದರೆ ಗೂಟ ಮೂಡಿಸುವ ಶಕ್ತಿ ಎರಡೂ ಕಡೆ ಇದೆ. ಭೂಮಿಯ ಸೆಳೆತ ಮಾಡುವುದು ಮೇಲ್ಬದಿಯದನ್ನು ತಡೆಯುವ ಕೆಲಸ. ಬೀಜವನ್ನು ಅಡ್ಡ ಮಲಗಿಸಿ, ಎರಡು ಸೆಂಟಿಮೀಟರಿನಷ್ಟು ಮಣ್ಣು ಮುಚ್ಚಿದರೆ ಗೂಟಕ್ಕೆ ಸರಿಯಾದ ಹಿಡಿತ ಸಿಗುತ್ತದೆ. ನೆಟ್ಟಗೆ ಚುಚ್ಚಿದ ಅಥವಾ ತೀರಾ ಮೇಲೆಯೇ ಊರಿದ ಬೀಜದ ಸಸಿ ಎಷ್ಟೋ ಸಲ ಸಿಪ್ಪೆಯನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತುಕೊಂಡೇ ಬರುತ್ತದೆ.

ಸಸಿ ನಾಲ್ಕೆಲೆಯಾಗುವವರೆಗೆ ಕಾಡುವುದು ಕೆಂಪು ಕುಂಬಳದ ದುಂಬಿ. ಬೆಳಗಿನ ಇಬ್ಬನಿ ಆರುವ ಮೊದಲು ಜರಡಿ ಹಿಡಿದ ಒಲೆಯ ಬೂದಿಯನ್ನು ಎಲೆಗಳ ಮೇಲೆ ಉದುರಿಸಿದರೆ ಬಹುಮಟ್ಟಿಗೆ ಸಾಕು. ನಡು ಮಧ್ಯಾಹ್ನ ಎಲೆ ಜೋತುಬಿದ್ದಿತೆಂದು ಓಡಿಹೋಗಿ ನೀರು ಹಾಕುವುದೂ ಬೇಡ. ಅಷ್ಟಗಲದ ಎಲೆ ಆವಿಯಾಗಿ ಬಿಡುವ ನೀರನ್ನು ಬೇರು ಆ ಬಿಸಿಲಿನಲ್ಲಿ ಒದಗಿಸಲಾರದು. ಸಂಜೆ ತಾನಾಗಿ ನೆಟ್ಟಗಾಗುತ್ತದೆ. ಸಂಜೆಯೂ ಏಳದಿದ್ದರೆ ಮಾತ್ರ ಚಿಂತೆ. ಬುಡಕ್ಕೆ ಒಣ ತರಗೆಲೆ ಹೊದಿಸಿದರೆ ನೆಲದ ತೇವ ಉಳಿಯುತ್ತದೆ.

ಈಗ ಹೂವಿನ ಮಾತು. ಈ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೀರೆಯಲ್ಲಿ ಗಂಡು ಹೂವುಗಳು ಗೊಂಚಲಾಗಿ ಬರುತ್ತವೆ, ಹೆಣ್ಣು ಹೂವು ಒಂಟಿಯಾಗಿ, ಬುಡದಲ್ಲಿ ಹೀಚನ್ನು ಹೊತ್ತೇ ಬರುತ್ತದೆ. ಮೊದಲು ಕಾಣಿಸಿಕೊಳ್ಳುವುದು ಗಂಡು. ಹತ್ತು ಹನ್ನೆರಡು ದಿನ ಬರೀ ಗಂಡು ಹೂವೇ ಉದುರಿದರೂ ಬಳ್ಳಿಗೆ ಏನೂ ಆಗಿಲ್ಲವೆಂದು ತಿಳಿಯಬೇಕು. ಬಿಸಿಲಿನ ಝಳ ಏರಿದಷ್ಟೂ, ದಿನ ಉದ್ದವಾದಷ್ಟೂ, ಸಾರಜನಕದ ಗೊಬ್ಬರ ಹೆಚ್ಚಿದಷ್ಟೂ ಗಂಡು ಹೂವುಗಳ ಪ್ರಮಾಣ ಹೆಚ್ಚುತ್ತದೆ. ನಾನು ಸುರಿದ ಗೊಬ್ಬರ ಅದನ್ನೇ ಮಾಡಿತ್ತು. ಹೆಣ್ಣು ಹೂವುಗಳನ್ನು ಹೆಚ್ಚಿಸುವುದು ಗಿಡದೊಳಗೆ ಹುಟ್ಟುವ ಎಥಿಲೀನ್ ಅನಿಲ, ಕಾಯಿ ಹಣ್ಣಾಗಿಸುವ ಅನಿಲವೂ ಅದೇ. ದೊಡ್ಡ ಬೇಸಾಯದಲ್ಲಿ ಎಥಿಲೀನ್ ಬಿಡುಗಡೆ ಮಾಡುವ ಔಷಧಿಯನ್ನು ಎಳೆಸಸಿಗೆ ಸಿಂಪಡಿಸುತ್ತಾರೆ. ನಾಲ್ಕು ಬಳ್ಳಿಯ ಹಿತ್ತಲಿಗೆ ಅದು ಬೇಡ ಎಂಬುದೇ ನನ್ನ ಗಟ್ಟಿ ಅಭಿಪ್ರಾಯ. ಎರಡು ವಾರದ ತಾಳ್ಮೆಯಿದ್ದರೆ ಸಾಕು.

ಮೂರನೆಯ ಬೇಸಿಗೆಯಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಮೀತ್ ಹೀರೆ ಹಾಕಿದ್ದೆವು. ಕೈಯಿಂದಲೇ ಪರಾಗಸ್ಪರ್ಶ ಮಾಡೋಣವೆಂದು ಬೆಳಿಗ್ಗೆ ಎಂಟು ಗಂಟೆಗೆ ಚಪ್ಪರದ ಕೆಳಗೆ ನಿಂತೆ. ಒಂದು ಹೂವೂ ಕೆಲಸಕ್ಕೆ ಬರುವಂತಿರಲಿಲ್ಲ, ಎಲ್ಲ ಮುದುಡಿದ್ದವು. ಅಮ್ಮ ಅಂಗಳದಿಂದಲೇ ಹೇಳಿದಳು: “ಈಗ ಹುಡುಕಿದರೆ ಏನು ಸಿಗುತ್ತದೆ? ದೀಪ ಹಚ್ಚುವ ಹೊತ್ತಿಗೆ ಬಾ.”

ಹೋದೆ. ಸಂಜೆ ಆರರ ಸುಮಾರಿಗೆ ಚಪ್ಪರದ ತುಂಬ ತಿಳಿಹಳದಿ ಹೂವು ಬಿಚ್ಚಿಕೊಳ್ಳುತ್ತಿದ್ದವು. ಮಂದವಾದ ಸಿಹಿ ವಾಸನೆ ಸುಳಿಯುತ್ತಿತ್ತು. ಬೆಳಕು ಇಳಿದಂತೆ ಕಂದು ಬಣ್ಣದ ಪತಂಗವೊಂದು ಹೂವಿನಿಂದ ಹೂವಿಗೆ ಹಾರತೊಡಗಿತು. ಹೀರೆ ಅರಳುವುದು ಸಂಜೆ ಐದರಿಂದ ಎಂಟರೊಳಗೆ. ಸೋರೆಯ ಬಿಳಿಹೂವೂ ಸಂಜೆಯದೇ, ನಾರು ನಾರಾದ ಅಂಚಿನ ಪಡವಲದ ಹೂವು ಇನ್ನೂ ತಡ. ಕುಂಬಳ ಬೆಳಗಿನ ಜಾವಕ್ಕೆ ಅರಳಿ, ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಹಾಗಲ, ಸೌತೆ ಮುಂಜಾನೆಯವು. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ತುಪ್ಪದ ಹೀರೆ. ಹೀರೆಯ ಒಡಹುಟ್ಟಿನಂಥ ಅದು ಅರಳುವುದು ನಸುಕಿನಲ್ಲಿ. ಒಂದೇ ಚಪ್ಪರಕ್ಕೆ ಎರಡನ್ನೂ ಹಬ್ಬಿಸಿದರೆ ಒಂದು ಬಾಗಿಲು ಮುಚ್ಚುವ ಹೊತ್ತಿಗೆ ಇನ್ನೊಂದು ತೆರೆದಿರುತ್ತದೆ. ಹೀರೆಯದು ಇರುಳು ಪತಂಗಗಳನ್ನು ಕಾಯುವ ಹೂವು. ಕುಂಬಳ, ಸೌತೆಗಳು ಕಾಯುವುದು ತುಡುವೆ, ಕೋಲುಜೇನು, ನಸರಿ ಮುಂತಾದ ಜೇನುಗಳನ್ನು. ಈ ಹೂವುಗಳ ಪರಾಗ ಅಂಟಂಟು, ಭಾರ. ಗಾಳಿ ಅದನ್ನು ಒಯ್ಯಲಾರದು, ಯಾರಾದರೂ ಹೊತ್ತು ತರಲೇಬೇಕು. ಮನೆಗಳ ನಡುವೆ ಸಿಕ್ಕಿಕೊಂಡ ಹಿತ್ತಲಿಗೆ, ರಾತ್ರಿಯೆಲ್ಲ ಬೀದಿದೀಪ ಉರಿಯುವ ಓಣಿಗೆ ಹೊರುವವರು ಬರುವುದು ಕಡಿಮೆ.

ಆ ಕೆಲಸ ಅಮ್ಮ ತೋರಿಸಿಕೊಟ್ಟಳು. ಆಗಷ್ಟೇ ಬಿರಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿದಳು. ನಡುವಿನ ಕೇಸರಗಳಿಂದ ಬೆರಳಿಗೆ ಅರಿಶಿನದ ಪುಡಿ ಮೆತ್ತಿದಂತಾಯಿತು. ಅದನ್ನು ಹೆಣ್ಣು ಹೂವಿನ ನಡುವೆ ಪರಾಗ ಹಿಡಿಯುವ ಮೂರು ಕವಲಿನ ಶಲಾಕಾಗ್ರದ ಮೇಲೆ, ಮೂರು ಕವಲಿಗೂ ತಾಗುವಂತೆ ಮೆಲ್ಲಗೆ ಸವರಿದಳು. ತೊಟ್ಟಿಗೆ ಕೆಂಪು ದಾರ ಕಟ್ಟಿದಳು.

ಮೂರೂ ಕವಲಿಗೆ ತಾಗಬೇಕಾದುದೇಕೆ? ಶಲಾಕಾಗ್ರದ ಮೇಲೆ ಬಿದ್ದ ಪ್ರತಿ ಪರಾಗಕಣವೂ ಒಂದು ಸೂಕ್ಷ್ಮ ನಾಳವನ್ನು ಒಳಕ್ಕೆ ಇಳಿಸುತ್ತದೆ, ಆ ನಾಳ ಒಂದು ಅಂಡಕವನ್ನು ಮುಟ್ಟಿದರೆ ಒಂದು ಬೀಜ. ಬೆಳೆಯತೊಡಗಿದ ಬೀಜ ಆಕ್ಸಿನ್ ಎಂಬ ಚೋದಕವನ್ನು ಒಸರುತ್ತದೆ. ಅದರ ಬಲದಿಂದಲೇ ಸುತ್ತಲಿನ ತಿರುಳು ಹಿಗ್ಗುತ್ತದೆ, ತೊಟ್ಟು ಗಟ್ಟಿಯಾಗಿ ನಿಲ್ಲುತ್ತದೆ. 1936ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಫೆಲಿಕ್ಸ್ ಗುಸ್ತಾಫ್‌ಸನ್ ಟೊಮೇಟೊ ಮುಂತಾದ ಹೂವುಗಳಿಗೆ ಪರಾಗ ತಾಗಿಸದೆ ಆಕ್ಸಿನ್ ಗುಂಪಿನ ರಾಸಾಯನಿಕಗಳನ್ನು ಮಾತ್ರ ಲೇಪಿಸಿ, ಬೀಜವಿಲ್ಲದ ಕಾಯಿ ಬೆಳೆಸಿ ತೋರಿಸಿದರು. ಆಕ್ಸಿನ್‌ನ ಸಂದೇಶ ಬಾರದ ಹೀಚಿಗೆ ಬಳ್ಳಿ ಆಹಾರ ಹರಿಸುವುದಿಲ್ಲ. ಅರೆಬರೆ ಪರಾಗ ತಾಗಿದ್ದರೆ ಬೀಜ ಕೂತ ಕಡೆ ಮಾತ್ರ ದಪ್ಪಗಾಗಿ, ಕಾಯಿ ಸೊಟ್ಟಗಾಗುತ್ತದೆ. ಸೊಟ್ಟ ಸೌತೆಕಾಯಿಗೂ ಬಹಳ ಸಲ ಇದೇ ಕಾರಣ.

ಏಪ್ರಿಲ್ ಕೊನೆಗೆ ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಚಪ್ಪರಕ್ಕೂ ಅದು ಒಳ್ಳೆಯದೇ, ಆದರೆ ಹೂವು ಅರಳಿದ ಹೊತ್ತಿಗೇ ಮಳೆ ಸುರಿದರೆ ಆ ದಿನದ ಹೂವು ಹೋದಂತೆ. ನೆನೆದ ಪರಾಗಕಣ ನೀರು ಹೀರಿ ಒಡೆದುಹೋಗುತ್ತದೆ. ಮೋಡ ಕಟ್ಟಿದ ಸಂಜೆ ನಾವು ಎರಡು ಹೆಣ್ಣು ಹೂವುಗಳಿಗೆ ಪರಾಗ ತಾಗಿಸಿ, ಮೇಲೊಂದು ಕಾಗದದ ಪೊಟ್ಟಣ ಕವಿಚಿ ಬರುತ್ತೇವೆ.

ಆ ಸಂಜೆ ದಾರ ಕಟ್ಟಿದ್ದು ಏಳು ಹೂವಿಗೆ. ಮೂರನೆಯ ದಿನ ಐದು ಹೀಚುಗಳು ಹಸಿರಾಗಿಯೇ ಇದ್ದವು, ಅವುಗಳ ಏಣುಗಳು ಬೆರಳಿಗೆ ಗಟ್ಟಿಯಾಗಿ ಸಿಗುತ್ತಿದ್ದವು. ಒಂಬತ್ತನೆಯ ದಿನ ಅಮ್ಮ ಮೂರನ್ನು ಕೊಯ್ದಳು. ತಿರುಳು ಸಾರಿಗೆ ಹೋಯಿತು, ಸಿಪ್ಪೆ ಚಟ್ನಿಗೆ. ಉಳಿದೆರಡರಲ್ಲಿ ನೀಳವಾದುದನ್ನು ಬೀಜಕ್ಕೆಂದು ಬಿಟ್ಟೆವು. ಜೂನ್ ಹೊತ್ತಿಗೆ ಅದು ಒಣಗಿ ಹಗುರಾಗಿ, ಗಾಳಿ ಬೀಸಿದಾಗ ಚಪ್ಪರದಲ್ಲಿ ಗಲಗಲ ಎನ್ನುತ್ತಿತ್ತು. ಕೆಂಪು ದಾರ ಇನ್ನೂ ತೊಟ್ಟಿನಲ್ಲೇ ಇತ್ತು.