ರತತೂಯ್: ಹೆಸರು ಹಳೆಯದು, ಅಡುಗೆ ಹೊಸದು

ಬದನೆ, ಜುಕಿನಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ ಮತ್ತು ಈರುಳ್ಳಿಗಳನ್ನು ಬೆಳ್ಳುಳ್ಳಿಯೊಂದಿಗೆ ಆಲಿವ್ ಎಣ್ಣೆಯಲ್ಲಿ ಬೇಯಿಸಿ ಮಾಡುವ ರತತೂಯ್, ಫ್ರಾನ್ಸಿನ ಆಗ್ನೇಯ ಕರಾವಳಿಯ ನೀಸ್ ನಗರದ ಹೆಮ್ಮೆಯ ಅಡುಗೆ. ಆದರೆ ಈ ಹೆಸರಿನಲ್ಲಿ ಯಾವ ತರಕಾರಿಯ ಸುಳಿವೂ ಇಲ್ಲ. ಇಂಗ್ಲಿಷ್ ಬಲ್ಲವರಿಗೆ ಅದರಲ್ಲಿ ಇಲಿ ಕಾಣಿಸುವುದುಂಟು. ಅದು ಕೇವಲ ಕಿವಿಯ ಭ್ರಮೆ.

ಫ್ರೆಂಚ್ ಭಾಷೆಯಲ್ಲಿ ‘ತೂಯೇ’ ಎಂದರೆ ಕಲಕು, ಕಲಸು ಎಂದರ್ಥ. ಕೆಲಸದ ಭರಾಟೆಯನ್ನು ದನಿಯಲ್ಲೇ ಹಿಡಿಯಲೆಂದು ಆಡುಮಾತು ಅದರ ಮುಂದೆ ಅಕ್ಷರಗಳನ್ನು ಸೇರಿಸಿ ‘ತತೂಯೇ’, ‘ರತೂಯೇ’ ಎಂಬ ರೂಪಗಳನ್ನು ಕಟ್ಟಿಕೊಂಡಿತು. ಅವೆರಡೂ ಬೆರೆತು ರತತೂಯ್ ಹುಟ್ಟಿತೆಂಬುದು ನಿರುಕ್ತಕಾರರ ವಿವರಣೆ. ಹೀಗೆ, ಪದವೇ ಒಂದು ಮಿಶ್ರಣ.

ತೂಯೇ ಎಂಬುದರ ಬೇರು ಲ್ಯಾಟಿನ್ನಿನ ‘ತುದಿಕುಲಾರೆ’. ಬಡಿ, ಜಜ್ಜು ಎಂಬ ಅರ್ಥದ ‘ತುಂದೆರೆ’ ಧಾತುವಿಗೆ ಸಂಬಂಧಿಸಿದ ‘ತುದಿಕುಲಾ’ ಎಂದರೆ ಆಲಿವ್ ಕಾಯಿಗಳನ್ನು ಜಜ್ಜುವ ಸಾಧನವಾಗಿದ್ದು, ಕ್ರಿ.ಶ. ಒಂದನೇ ಶತಮಾನದ ಕೃಷಿ ಲೇಖಕ ಕೊಲುಮೆಲ್ಲಾ ಅದನ್ನು ಉಲ್ಲೇಖಿಸಿದ್ದಾನೆ. ಇಷ್ಟು ಉದ್ದದ ಪದ ಇಷ್ಟು ಮೆತ್ತಗಾದದ್ದು ಹೇಗೆ? ಸ್ವರಗಳ ನಡುವಿನ ದಕಾರ ಸವೆದುಹೋಯಿತು. ‘ಕುಲ’ ಎಂಬುದು ‘ಕ್ಲ’ ಆಗಿ, ಅದು ‘ಲ್ಯ’ ಆಗಿ, ಕೊನೆಗೆ ಬರಿಯ ಯಕಾರ ಉಳಿಯಿತು. ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ಭಾಷೆಯ ಹಲವು ಪ್ರದೇಶಗಳ ಉಚ್ಚಾರಣೆಯಲ್ಲಿ ನಡುವಿನ ‘ಲ್ಯ’ ಇನ್ನೂ ಜೀವಂತವಾಗಿದೆ. ಲ್ಯಾಟಿನ್ನಿನ ‘ರಾನುಕುಲಾ’ ಎಂಬ ಪುಟ್ಟ ಕಪ್ಪೆ ಫ್ರೆಂಚಿನಲ್ಲಿ ‘ಗ್ರನೂಯ್’ ಆದದ್ದೂ ಇದೇ ಹಾದಿಯಲ್ಲಿ.

ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ ಬರವಣಿಗೆಗೆ ಬಂದ ಈ ಪದಕ್ಕೆ ಆಗ ಗೌರವವಿರಲಿಲ್ಲ. ಮಾಂಸ, ತರಕಾರಿ ಎನ್ನದೆ ಸಿಕ್ಕಿದ್ದನ್ನೆಲ್ಲ ಹಾಕಿ ಕುದಿಸಿದ ರುಚಿಗೆಟ್ಟ ಅಡುಗೆಯನ್ನು ಅದು ಸೂಚಿಸುತ್ತಿತ್ತು. ಸೈನಿಕರು ತಮ್ಮ ತಟ್ಟೆಗೆ ಬೀಳುತ್ತಿದ್ದ ಆಲೂಗಡ್ಡೆಯ ಅಥವಾ ಹುರುಳಿಕಾಯಿ ಬೀಜದ ಗೊಜ್ಜನ್ನು ‘ರತ’ ಎಂದು ಮೊಟಕುಗೊಳಿಸಿ ಕರೆದರು. ಜನರ ಬಾಯಲ್ಲಿ ರತತೂಯ್ ಎಂದರೆ ಏಟುಗಳ ಸುರಿಮಳೆ ಎಂಬ ಅರ್ಥವೂ ಬಂತು. ಜಜ್ಜುವ ಆ ಹಳೆಯ ಧಾತುವನ್ನು ನೆನೆದರೆ ಈ ಕಾಕತಾಳೀಯ ಸೊಗಸಾಗಿದೆ.

ತರಕಾರಿಯ ಅಡುಗೆಗೇ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು 20ನೇ ಶತಮಾನದಲ್ಲಿ. ಟೊಮೆಟೊ, ದೊಣ್ಣೆಮೆಣಸು ಮತ್ತು ಜುಕಿನಿಯ ಪೂರ್ವಜರು 1492ರ ನಂತರ ಅಮೆರಿಕದಿಂದ ಯುರೋಪಿಗೆ ಬಂದವರು. ಬದನೆಯಾದರೋ ಏಷ್ಯಾದಿಂದ ಹೋದದ್ದು: ಅದರ ಫ್ರೆಂಚ್ ಹೆಸರು ‘ಓಬೆರ್ಜಿನ್’ ಕ್ಯಾಟಲನ್, ಅರಬ್ಬಿ, ಪರ್ಷಿಯನ್ ಭಾಷೆಗಳ ಮೂಲಕ ಭಾರತಕ್ಕೆ ಮರಳುತ್ತದೆ, ಮತ್ತು ಆ ಮೂಲರೂಪ ದ್ರಾವಿಡ ಭಾಷೆಗಳದ್ದಿರಬಹುದು, ಅಂದರೆ ನಮ್ಮ ‘ಬದನೆ’ಯ ಬಂಧುವಾಗಿರಬಹುದು ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ.

ಬೈಗುಳದಂತಿದ್ದ ಪದ ಹೀಗೆ ಮೇಲೇರಿದ್ದನ್ನು ಭಾಷಾವಿಜ್ಞಾನಿಗಳು ಅರ್ಥೋತ್ಕರ್ಷ ಎನ್ನುತ್ತಾರೆ. ಕನ್ನಡದ ‘ಕಲಸುಮೇಲೋಗರ’ ಇದರ ಎದುರು ದಿಕ್ಕಿನಲ್ಲಿ ನಡೆದಿದೆ: ಓಗರದ, ಅಂದರೆ ಅನ್ನದ, ಮೇಲೆ ಬಡಿಸುವ ಮೇಲೋಗರ ಅದರೊಳಗೆ ಇದ್ದರೂ, ಇಂದು ನಾವು ಆ ಪದವನ್ನು ಬಳಸುವುದು ಊಟದ ಎಲೆಯ ಮುಂದೆ ಅಲ್ಲ, ಗೊಂದಲದ ಬರಹವನ್ನೋ ರಾಜಕೀಯವನ್ನೋ ಹಳಿಯುವಾಗ.