ಸೌರಸ್ಫೋಟದ ಶಕ್ತಿ ಅಳೆಯುವುದು ಏಕೆ ಇಷ್ಟು ಕಷ್ಟ?

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತು. ಆ ಚಿತ್ರಗಳು ಮೈಸೂರು, ಮಂಡ್ಯದ ಮೊಬೈಲುಗಳಲ್ಲೂ ಹರಿದಾಡಿದವು. ಸೌರಸ್ಫೋಟಗಳಿಂದ ಭೂಮಿಯ ಕಾಂತಕ್ಷೇತ್ರ ಅಲುಗಾಡುವ ಭೂಕಾಂತ ಬಿರುಗಾಳಿ ಅದು, ಎರಡು ದಶಕಗಳಲ್ಲೇ ತೀವ್ರವಾದದ್ದು. ಬೆನ್ನಿಗೇ ಬಂದ ಸುದ್ದಿಗಳು ಮಾತ್ರ ಓದುಗರನ್ನು ಗೊಂದಲಕ್ಕೆ ಕೆಡವಿದವು: ಸೂರ್ಯನನ್ನು ನೋಡಲು ಇಸ್ರೊ ಹಾರಿಸಿದ ನೌಕೆ ಆದಿತ್ಯ-ಎಲ್1 ಎಲ್ಲವನ್ನೂ ದಾಖಲಿಸಿತು ಎಂದು ಒಂದು ಕಡೆ, ಅದರ ಎರಡು ಮುಖ್ಯ ಉಪಕರಣಗಳು ಆ ಹೊತ್ತಿಗೆ ನೋಡುತ್ತಿರಲಿಲ್ಲ ಎಂದು ಇನ್ನೊಂದು ಕಡೆ. ಯಾವುದು ಎಷ್ಟು ನಿಜ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಪ್ರಮಾಣದ ಮಾತು. ಸೌರಸ್ಫೋಟದಲ್ಲಿ ಫಕ್ಕನೆ ಹೊಮ್ಮುವ ಬೆಳಕೇ ಸೌರಜ್ವಾಲೆ; ದೊಡ್ಡದೊಂದು ಹೊರಹಾಕುವ ಶಕ್ತಿ 1ರ ಮುಂದೆ 25 ಸೊನ್ನೆ ಬರೆದಷ್ಟು ಜೂಲ್. ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿರುವ ಶಿವನಸಮುದ್ರ ವಿದ್ಯುದಾಗಾರದ ಸಾಮರ್ಥ್ಯ 42 ಮೆಗಾವ್ಯಾಟ್. ಅದು ಕ್ಷಣವೂ ನಿಲ್ಲದೆ ಓಡಿದರೂ ಅಷ್ಟು ಶಕ್ತಿ ಉತ್ಪಾದಿಸಲು ಸುಮಾರು 750 ಕೋಟಿ ವರ್ಷ ಬೇಕು; ಸೂರ್ಯನ ವಯಸ್ಸೇ ಸುಮಾರು 460 ಕೋಟಿ ವರ್ಷ. ಸೂರ್ಯನಲ್ಲಿ ಅದೆಲ್ಲ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಮುಗಿದಿರುತ್ತದೆ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಖಗೋಳ ವೀಕ್ಷಕರಾದ ಕ್ಯಾರಿಂಗ್ಟನ್ ಮತ್ತು ಹಾಡ್ಜ್‌ಸನ್ ಬೇರೆ ಬೇರೆ ಊರುಗಳಿಂದ ಒಂದೇ ಜ್ವಾಲೆಯನ್ನು ಕಂಡರು. ಒಬ್ಬರು ಕಂಡದ್ದನ್ನು ಇನ್ನೊಬ್ಬರೂ ಕಂಡಿದ್ದರಿಂದಲೇ ಅದನ್ನು ನಂಬಲು ಸಾಧ್ಯವಾಯಿತು. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ 1935ರಲ್ಲೇ, ಶಾರ್ಟ್‌ವೇವ್ ರೇಡಿಯೊ ಇದ್ದಕ್ಕಿದ್ದಂತೆ ಮಂಕಾಗುವುದಕ್ಕೂ ಸೂರ್ಯನಿಗೂ ನಂಟಿದೆ ಎಂದು ಅಮೆರಿಕದ ರೇಡಿಯೊ ವಿಜ್ಞಾನಿ ಡೆಲಿಂಜರ್ ತೋರಿಸಿದರು. 1989ರ ಮಾರ್ಚ್ 13ರಂದು ಸೌರಸ್ಫೋಟದ ಹೊಡೆತಕ್ಕೆ ವಿದ್ಯುತ್ ಜಾಲ ಕುಸಿದು ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಈ ಹೊತ್ತಿಗೆ ಸೌರಸ್ಫೋಟದ ಪರಿಣಾಮ ಎಲ್ಲರಿಗೂ ಗೊತ್ತಾಗಿತ್ತು, ಅದರ ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ.

ಲೆಕ್ಕ ಸಿಗದಿರಲು ಕಾರಣವಿದೆ. ಶಕ್ತಿ ಕೂಡಿಟ್ಟುಕೊಂಡಿರುವುದು ಸೂರ್ಯನ ಮುಖದ ಕಪ್ಪು ಚುಕ್ಕೆಗಳಾದ ಸೂರ್ಯಕಲೆಗಳ ಮೇಲೆ ತಿರುಚಿಕೊಂಡ ಕಾಂತಕ್ಷೇತ್ರದಲ್ಲಿ. ಅದು ಬಿಡುಗಡೆಯಾದಾಗ ಒಂದು ಪಾಲು ಎಲೆಕ್ಟ್ರಾನುಗಳನ್ನು ವೇಗಕ್ಕೆ ಏರಿಸುತ್ತದೆ, ಅದನ್ನು ಹಿಡಿಯಲು ತೀಕ್ಷ್ಣ (ಹೆಚ್ಚು ಶಕ್ತಿಯ) ಕ್ಷ-ಕಿರಣದ ಉಪಕರಣ ಬೇಕು. ಒಂದು ಪಾಲು ಅನಿಲವನ್ನು ಕೋಟಿ ಡಿಗ್ರಿಗೂ ಮೀರಿ ಕಾಯಿಸುತ್ತದೆ, ಅದಕ್ಕೆ ಮೃದು (ಕಡಿಮೆ ಶಕ್ತಿಯ) ಕ್ಷ-ಕಿರಣ. ಕೆಳಗಿನ ಪದರಗಳು ಬೆಳಗುವುದು ಅತಿನೇರಳೆಯಲ್ಲಿ ಮತ್ತು ಬರಿಗಣ್ಣಿನ ಬೆಳಕಿನಲ್ಲಿ. ಶತಕೋಟಿ ಟನ್ನುಗಳ ದ್ರವ್ಯ ಹೊರಕ್ಕೆ ಚಿಮ್ಮಿದರೆ ಅದನ್ನು ತೂಗಲು ಕರೋನಾಗ್ರಾಫ್, ಅಂದರೆ ಸೂರ್ಯಬಿಂಬವನ್ನು ಮರೆಮಾಡಿ ಸುತ್ತಲಿನ ಮಂಕು ಹೊರಾವರಣವಾದ ಕರೋನಾವನ್ನು ನೋಡುವ ದೂರದರ್ಶಕ. ಒಂದು ಉಪಕರಣ ತಪ್ಪಿದರೂ ಖಾತೆಯಲ್ಲಿ ಒಂದು ಕಲಮು ಖಾಲಿ.

1980ರಲ್ಲಿ ಹಾರಿದ ‘ಸೋಲಾರ್ ಮ್ಯಾಕ್ಸಿಮಮ್ ಮಿಷನ್’ ಹಲವು ಉಪಕರಣಗಳನ್ನು ಒಂದೇ ಉಪಗ್ರಹದಲ್ಲಿ ಕೂಡಿಸಿತು. ಅದೇ ವರ್ಷ ಕೆಟ್ಟು, 1984ರಲ್ಲಿ ಗಗನಯಾತ್ರಿಗಳ ಕೈಯಲ್ಲಿ ರಿಪೇರಿಯಾಯಿತು. ನಂತರ ಉಪಗ್ರಹಗಳು ಹೆಚ್ಚಿದವು, ಹೊಂದಾಣಿಕೆಯ ತಲೆನೋವೂ ಹೆಚ್ಚಿತು. ನಾಸಾದ ಐರಿಸ್ ಉಪಗ್ರಹಕ್ಕೆ ಬೆಳಕು ಒಳಬಿಡುವ ಕಿರಿದಾದ ಸೀಳುಗಂಡಿಯನ್ನೇ ನೋಡಿ: ಸುಮಾರು 14 ಲಕ್ಷ ಕಿ.ಮೀ. ವ್ಯಾಸದ ಸೂರ್ಯನ ಮೇಲೆ ಅದಕ್ಕೆ ಒಮ್ಮೆಗೆ ಸಿಗುವುದು ಸುಮಾರು 240 ಕಿ.ಮೀ. ಅಗಲದ ಒಂದು ಗೆರೆ. 2002ರಲ್ಲಿ ಹಾರಿದ ಕ್ಷ-ಕಿರಣದ ರೆಸ್ಸಿ ಉಪಗ್ರಹ ಇಡೀ ಸೂರ್ಯನನ್ನು ನೋಡಬಲ್ಲದಾಗಿತ್ತು, ಆದರೆ ಪ್ರತಿ ಸುತ್ತಿನಲ್ಲೂ ಭೂಮಿಯ ನೆರಳಿಗೆ ಹೋಗುತ್ತಿತ್ತು. ನೆಲದ ದೂರದರ್ಶಕಗಳಿಗೆ ಮೋಡ ಮತ್ತು ಇರುಳು.

ಈ ತೊಡಕಿಗೆ ಉತ್ತರವಾಗಿ ಹುಟ್ಟಿದ್ದು ‘ಮ್ಯಾಕ್ಸ್ ಮಿಲೇನಿಯಂ’ ಎಂಬ ಸಹಯೋಗ. ಅದರಲ್ಲಿ ಹೊಸ ಯಂತ್ರವೇನೂ ಇರಲಿಲ್ಲ. ಸರದಿಯ ಮೇಲಿರುವ ಮುಖ್ಯ ವೀಕ್ಷಕರು ದಿನವೂ ಯಾವ ಕಲೆಗುಂಪು ಸಿಡಿಯುವ ಸಂಭವ ಹೆಚ್ಚು ಎಂದು ನಿರ್ಧರಿಸಿ ಜಗತ್ತಿನ ವೀಕ್ಷಣಾಲಯಗಳಿಗೆ ಸಂದೇಶ ಕಳುಹಿಸುತ್ತಿದ್ದರು. ತಮ್ಮ ಕಾರ್ಯಕ್ರಮ ಬದಿಗಿಟ್ಟು ಇನ್ನೊಬ್ಬರು ಹೇಳಿದ ಕಡೆ ದೂರದರ್ಶಕ ತಿರುಗಿಸುವ ಆ ಔದಾರ್ಯಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಅದರ ಫಲ ಕಂಡದ್ದು 2014ರ ಮಾರ್ಚ್ 29ರಂದು. ಅಮೆರಿಕದ ನ್ಯೂ ಮೆಕ್ಸಿಕೊದ ಡನ್ ದೂರದರ್ಶಕ ಮತ್ತು ಐರಿಸ್, ಹಿನೊಡೆ, ಎಸ್‌ಡಿಓ, ರೆಸ್ಸಿ ಉಪಗ್ರಹಗಳು ಐದೂ ಒಂದೇ ಕಲೆಗುಂಪನ್ನು ನೋಡುತ್ತಿದ್ದಾಗ ಅಲ್ಲೊಂದು ಎಕ್ಸ್ ದರ್ಜೆಯ, ಅಂದರೆ ಅತಿ ಪ್ರಬಲ ವರ್ಗದ, ಜ್ವಾಲೆ ಎದ್ದಿತು. ಅತ್ಯಂತ ಪೂರ್ಣವಾಗಿ ದಾಖಲಾದ ದೊಡ್ಡ ಜ್ವಾಲೆಗಳಲ್ಲಿ ಅದೂ ಒಂದು. ಆಗ ಮೈಸೂರಿನಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಸೂರ್ಯ ಅಮೆರಿಕದ ಹಗಲಿಗೆ ಕಾದು ಸಿಡಿಯುವುದಿಲ್ಲವಾದ್ದರಿಂದ ನಮ್ಮ ಹಗಲಿನ ಜ್ವಾಲೆಗಳನ್ನು ನೆಲದಿಂದ ಕಾಯಬೇಕಾದವರು ನಾವೇ.

ಅದಕ್ಕೂ ಮೊದಲು, ಹಲವು ಉಪಕರಣಗಳ ಇಂತಹ ಕೂಡಿಕೆಯಿಂದಲೇ 2012ರಲ್ಲಿ ಸೌರವಿಜ್ಞಾನಿ ಎಮ್ಸ್ಲೀ ಮತ್ತು ಸಂಗಡಿಗರು 38 ದೊಡ್ಡ ಸ್ಫೋಟಗಳ ಶಕ್ತಿಯ ಜಮಾ-ಖರ್ಚು ಹೊಂದಿಸಲು ಸಾಧ್ಯವಾಯಿತು. ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿ ಎಲ್ಲ ಖರ್ಚಿಗೂ ಸಾಲುತ್ತದೆ ಎಂಬುದು ಅವರ ಮುಖ್ಯ ಫಲಿತಾಂಶ.

ಈಗ ಆದಿತ್ಯದ ಪ್ರಶ್ನೆಗೆ ಬರೋಣ. 2023ರ ಸೆಪ್ಟೆಂಬರ್ 2ರಂದು ಹಾರಿ, ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತಿರುವ ಅದಕ್ಕೆ ಇರುಳಿಲ್ಲ. 2024ರ ಫೆಬ್ರವರಿ 22ರ ಎಕ್ಸ್ 6.3 ಜ್ವಾಲೆಯನ್ನು ಅದರ ಸೂಟ್ ದೂರದರ್ಶಕ ಅತಿನೇರಳೆಯಲ್ಲಿಯೂ, ಸೋಲೆಕ್ಸ್ ಮತ್ತು ಹೀಲಿಯೋಸ್ ಉಪಕರಣಗಳು ಕ್ಷ-ಕಿರಣದಲ್ಲಿಯೂ ಒಟ್ಟಿಗೆ ಹಿಡಿದವು. ಮೇ 10-11ರಂದು ಮಾತ್ರ ಸೂಟ್ ಮತ್ತು ಕರೋನಾಗ್ರಾಫ್ ವೆಲ್ಕ್ ಎರಡೂ ನಿರ್ವಹಣೆ, ಮಾಪನಾಂಕ ಹೊಂದಿಕೆಯ ಕೆಲಸದಲ್ಲಿದ್ದವು. ಕ್ಷ-ಕಿರಣದ ಮತ್ತು ಸೌರಮಾರುತದ (ಸೂರ್ಯನಿಂದ ಬೀಸುವ ಕಣಗಳ) ಉಪಕರಣಗಳು ದಾಖಲಿಸಿದವು, ಸೂಟ್ ಮತ್ತು ವೆಲ್ಕ್ ಮೇ 14ರ ನಂತರ ವೀಕ್ಷಣೆಗೆ ಮರಳಿದವು. ಹೊಸ ನೌಕೆಗೆ ಅದು ಅನಿವಾರ್ಯದ ಕೆಲಸ. ಆದರೆ ಅಂತಹ ಕೆಲಸವನ್ನು ಯಾವ ವಾರ ಇಟ್ಟುಕೊಳ್ಳಬೇಕು ಎಂಬುದಕ್ಕೆ ಸೂರ್ಯನ ಮುಖದ ಮೇಲಿನ ಕಲೆಗಳನ್ನೂ ಕೇಳುವಂತಾಗಬೇಕು.

ನೆಲದ ಮೇಲೆ ಕೊಡೈಕೆನಾಲ್ ಶತಮಾನದಿಂದ ಸೂರ್ಯನ ಚಿತ್ರ ತೆಗೆಯುತ್ತಿದೆ, ಉದಯಪುರದ ಕೆರೆಯೊಳಗೆ ವೀಕ್ಷಣಾಲಯವಿದೆ, ಗೌರಿಬಿದನೂರು ರೇಡಿಯೊ ತರಂಗಗಳಲ್ಲಿ ಕರೋನಾ ನೋಡುತ್ತದೆ. ಲಡಾಖಿನ ಮೆರಾಕ್‌ಗೆಂದು ಯೋಜಿಸಿದ ಎರಡು ಮೀಟರ್ ಸೌರ ದೂರದರ್ಶಕದ ಪ್ರಸ್ತಾವಕ್ಕೆ ದಶಕ ದಾಟಿದೆ. ಅದು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಇರುವವುಗಳ ವೇಳಾಪಟ್ಟಿ ಆದಿತ್ಯದ ಜೊತೆ ದಿನವೂ ಕೂಡಿದರೆ ಅರ್ಧ ಕೆಲಸ ಆದಂತೆ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಚಟುವಟಿಕೆ ಏರಿ ಇಳಿಯುವ ಸೌರಚಕ್ರ ಗರಿಷ್ಠ ಹಂತ ತಲುಪಿದೆ ಎಂದು 2024ರ ಅಕ್ಟೋಬರ್‌ನಲ್ಲಿ ಘೋಷಿಸಿದ ಮಾತ್ರಕ್ಕೆ ಅವಕಾಶ ಮುಗಿಯಲಿಲ್ಲ. 2003ರ ಅಕ್ಟೋಬರ್-ನವೆಂಬರಿನ ದೈತ್ಯ ಜ್ವಾಲೆಗಳು ಎದ್ದದ್ದೂ ಆಗಿನ ಚಕ್ರದ ಗರಿಷ್ಠ ದಾಟಿದ ಮೇಲೆಯೇ.