ಪ್ರೇಮಿಗಳ ಮೌನಕ್ಕೆ ಎಷ್ಟು ಅಡಿ ಫಿಲ್ಮ್?

ಮುನಿಸಿಕೊಂಡ ಪ್ರೇಮಿಗಳಿಬ್ಬರು ಎದುರಾಬದುರು ನಿಂತು ಏನೂ ಮಾತಾಡದ ದೃಶ್ಯ ಕನ್ನಡ ತೆರೆಯಲ್ಲಿ ಈಗ ಮಾಮೂಲು. ಮೊದಲು ಹಾಗಿರಲಿಲ್ಲ. ಮೌನ ದುಬಾರಿಯಾಗಿತ್ತು.

ಭಾವವೇನೋ ಹಳೆಯದೇ. ಅಲಂಕಾರಶಾಸ್ತ್ರ ವಿಪ್ರಲಂಭ ಶೃಂಗಾರದೊಳಗೆ, ಅಂದರೆ ಅಗಲಿಕೆಯ ಪ್ರೇಮದೊಳಗೆ, ಇದನ್ನು 'ಮಾನ' ಎಂದಿದೆ. ನಲ್ಲನನ್ನು ಜಗಳವಾಡಿ ಕಳಿಸಿ ಆಮೇಲೆ ಪರಿತಪಿಸುವವಳಿಗೆ ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಬಗೆಯ ನಾಯಿಕೆಯರಲ್ಲಿ ಕಲಹಾಂತರಿತೆ ಎಂಬ ಹೆಸರೇ ಇದೆ. ಕಂಪನಿ ನಾಟಕದಲ್ಲಿ ಈ ಮುನಿಸು ಹಾಡಾಯಿತು. ಕೊನೆಯ ಸಾಲಿಗೂ ಕೇಳಬೇಕಲ್ಲ, ಪಿಸುಮಾತಿಗೆ ಜಾಗ ಎಲ್ಲಿ? ಜೋಡಿ ಜನರತ್ತ ಮುಖಮಾಡಿ ನಿಲ್ಲುತ್ತಿತ್ತು, ಉಳಿದದ್ದನ್ನು ಹಾರ್ಮೋನಿಯಂ ಹೇಳುತ್ತಿತ್ತು.

1934ರಲ್ಲಿ 'ಸತಿ ಸುಲೋಚನಾ' ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ ತೆರೆಕಂಡು ಕನ್ನಡ ಟಾಕಿ ಶುರುವಾದಾಗ ರಂಗದ ಈ ಅಭ್ಯಾಸವೂ ಜತೆಗೇ ಬಂತು. ಬೇಗ ಬಿಟ್ಟುಹೋಗದ್ದಕ್ಕೆ ಲೆಕ್ಕಾಚಾರದ ಕಾರಣವೂ ಇತ್ತು. 35 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ. 400 ಅಡಿಯ ರೋಲು ನಾಲ್ಕೂವರೆ ನಿಮಿಷದೊಳಗೆ ಖಾಲಿ. ನಾಯಕಿ 10 ಸೆಕೆಂಡ್ ಸುಮ್ಮನಿದ್ದರೆ 15 ಅಡಿ ಹೋಯಿತು, ಟೇಕ್ ಕೆಟ್ಟರೆ ಇನ್ನೂ 15. ಮುಂದೆ ಡಬ್ಬಿಂಗ್ ರೂಢಿಯಾದಾಗ ಮತ್ತೊಂದು ತೊಡಕು: ಮಾತನ್ನು ತುಟಿಗೆ ಹೊಂದಿಸಿ ಮತ್ತೆ ಹೇಳಿಸಬಹುದು, ತಡೆದ ಉಸಿರನ್ನು ಹೇಳಿಸುವುದು ಕಷ್ಟ. ಆ ತೆರಪಿಗೆ ಪಿಟೀಲು ತುಂಬಿದರು.

ಇಷ್ಟರ ನಡುವೆಯೂ 1967ರಲ್ಲಿ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' ಪ್ರೇಮಿಗಳ ನಡುವಿನ ಅಡ್ಡಗೋಡೆಯನ್ನು ಹೊರಗಿನ ಖಳನಿಂದ ಕಿತ್ತು ಹೆಣ್ಣಿನ ಮನಸ್ಸಿನೊಳಗೆ ಕಟ್ಟಿತು. ಆಸ್ತಿ ಕೈತಪ್ಪಿತೆಂದು ಬಿಟ್ಟುಹೋದವನು ಮನಸ್ಸು ಬದಲಿಸಿ ಮರಳುತ್ತಾನೆ. ಅಪಘಾತದಲ್ಲಿ ಗಾಯಗೊಂಡ ಅವನಿಗೆ ಶುಶ್ರೂಷೆ ಮಾಡಿದ ನಾಯಕಿ ಇಂದಿರೆಯೇ ಮದುವೆ ಒಲ್ಲೆ ಎನ್ನುತ್ತಾಳೆ. ಇಂಥ ಕಥೆಯನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಇಬ್ಬರೂ ನಿಜ ಹೇಳಿಬಿಟ್ಟರೆ ಸಮಸ್ಯೆ ಬಗೆಹರಿಯುತ್ತದೆಯೇ? ಇಲ್ಲಿ ಬಗೆಹರಿಯುವುದಿಲ್ಲ. ಒಂದು ಫೋನ್ ಕರೆಗೆ ಕರಗುವ ತಪ್ಪುತಿಳಿವಳಿಕೆಯ ಮೇಲೆ ನಿಂತ ಚಿತ್ರಗಳು ಇಂಟರ್‌ವಲ್ ಆದಮೇಲೆ ಸೊರಗುವುದು ಇದಕ್ಕೇ.

2006ರ 'ಮುಂಗಾರು ಮಳೆ'ಯಲ್ಲಿ ಹಿಂದೆ ಸರಿದವನು ಗಂಡು. ಆಮೇಲೆ ವರ್ಷಗಟ್ಟಲೆ ಗಾಂಧಿನಗರದಲ್ಲಿ ಮಳೆ ನಿಲ್ಲಲೇ ಇಲ್ಲ, ಆ ಮಾತು ಬೇರೆ.

ಡಿಜಿಟಲ್ ಬಂದಮೇಲೆ ಮೌನ ಅಗ್ಗವಾಯಿತು. ಈಗಿನ ತಪ್ಪು ತಿರುವುಮುರುವು: ಬಚ್ಚಿಡಲು ಏನೂ ಇಲ್ಲದ ಪಾತ್ರಗಳು ನಿಮಿಷಗಟ್ಟಲೆ ಕಿಟಕಿ ನೋಡುತ್ತವೆ.

ರಂಗದ ತಾಲೀಮಿನಲ್ಲಿ ಇದಕ್ಕೆ ಮದ್ದುಂಟು. ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರದಂಥ, ಪ್ರೇಕ್ಷಕರು ಮೂರು ಕಡೆ ಹತ್ತಿರವೇ ಕೂರುವ ರಂಗಮಂದಿರದಲ್ಲಿ ಮೆಲುದನಿಯೂ ನಡೆಯುತ್ತದೆ. ತಾಲೀಮು ಹೀಗೆ: ತನ್ನ ಪಾತ್ರ ಹೇಳಬೇಕೆಂದುಕೊಂಡೂ ಹೇಳದ ಒಂದು ವಾಕ್ಯವನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು, ಎದುರಿನವರಿಗೆ ತೋರಿಸದೆ ಜೇಬಿನಲ್ಲಿಟ್ಟುಕೊಳ್ಳಬೇಕು. ಬಳಿಕ ಕೈಗೊಂದು ಕೆಲಸ: ಬಟ್ಟೆ ಮಡಚುವುದೋ, ನೆನೆಸಿದ ಅವರೆಕಾಳು ಹಿತುಕುವುದೋ. ಕೈ ಎಲ್ಲಿ ತಡೆಯುತ್ತದೋ ಅಲ್ಲಿ ನೋವು ಕಾಣುತ್ತದೆ. ನಡುವೆ ಐದಾರು ಅಡಿ ಅಂತರವಿರಲಿ. ಇಡೀ ದೃಶ್ಯಕ್ಕೆ ಒಂದೇ ಹೆಜ್ಜೆ, ಅದೂ ಮಾತು ಮುಗಿದ ಮೇಲೆ. ಕೂಗಾಟ ಮೊದಲೇ ಬಂದರೆ ಮುಂದೆ ಏರಲು ಮೆಟ್ಟಿಲೇ ಉಳಿಯದು.

ಸಂಭಾಷಣೆಗೂ ಕನ್ನಡದಲ್ಲೇ ಸಲಕರಣೆ ಇದೆ. ಎರಡು ಅಂಕ 'ನೀನು' ಎನ್ನುತ್ತಿದ್ದವಳು ತಲೆಯೆತ್ತದೆ, ಕಾಳು ಹಿತುಕುತ್ತಲೇ, 'ನೀವು ಹೊರಡಿ, ಲೇಟಾಯ್ತು' ಅಂದರೆ ಸಾಕು.